ಹಿಂದಿನ ಸೀಟು ಬಿಚ್ಚಿ ಹಲಗೆ ಹಾಕಿಸಬಹುದೇ?

ವಾಹನ: ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂಬೈ, ಪುಣೆ ಮತ್ತು ಗೋವಾದ ಓದುಗರಿಂದ ಬಂದ ಪತ್ರಗಳಲ್ಲಿ ಕಾರಿನ ಹಿಂಭಾಗದಲ್ಲಿ ಸರಕು ಸಾಗಿಸುವ ವಿಷಯಕ್ಕೆ ಸಂಬಂಧಿಸಿದವನ್ನು ಈ ಸಂಚಿಕೆಗಾಗಿ ಒಟ್ಟಿಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯವರು, ಈಗ ಚಿಂಚವಡದಲ್ಲಿ ನೆಲೆಸಿದ್ದೇವೆ. ನಾನೂ ನನ್ನ ನೆಗೆಣ್ಣಿಯೂ ಮನೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ ತಯಾರಿಸಿ ಹಿಂಜವಡಿ, ಬಾಣೇರ್ ಕಡೆಯ ಮನೆಗಳಿಗೂ ಕೆಲವು ಅಂಗಡಿಗಳಿಗೂ ತಲುಪಿಸುತ್ತೇವೆ. ನಮ್ಮದು ಐದು ಸೀಟಿನ ಸಣ್ಣ ಕಾರು. ಕಂಪನಿಯಿಂದಲೇ ಸಿಎನ್‌ಜಿ ಅಳವಡಿಸಿ ಬಂದಿರುವುದರಿಂದ ಡಿಕ್ಕಿಯನ್ನು ಸಿಲಿಂಡರೇ ತುಂಬಿಕೊಂಡಿದೆ. ಹಿಂದಿನ ಸೀಟನ್ನು ಪೂರ್ತಿ ಬಿಚ್ಚಿ, ನೆಲಕ್ಕೆ ರಂಧ್ರ ಕೊರೆದು, 18 ಮಿ.ಮೀ. ಪ್ಲೈವುಡ್ಡಿನ ಅಟ್ಟಣಿಗೆಯನ್ನು ಬೋಲ್ಟ್ ಹಾಕಿ ಕೂರಿಸಿ, ಅದರ ಕೆಳಗೆ ಡ್ರಾಯರ್ ಮಾಡಿಕೊಡುವುದಾಗಿ ಪರಿಚಯದ ಬಡಗಿಯೊಬ್ಬರು ಹೇಳಿದ್ದಾರೆ. ಇದಕ್ಕೆ ಆರ್‌ಟಿಒ ಅನುಮತಿ ಬೇಕೇ? ಎಷ್ಟು ಭಾರ ಹೇರಬಹುದು?
– ಓದುಗರೊಬ್ಬರು, ಚಿಂಚವಡ, ಪುಣೆ

ಉತ್ತರ: ನಿಮ್ಮ ಬಡಗಿಯವರ ಕೈಕೆಲಸದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಅವರು ಹೇಳಿದ ರೀತಿಯಲ್ಲಿ ಈ ಕೆಲಸವನ್ನು ಮಾಡಿಸಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಕಾನೂನು ಒಂದು ಕಾರಣ, ವಿಮೆ ಇನ್ನೊಂದು. ಇವೆರಡಕ್ಕಿಂತ ಮುಖ್ಯವಾದದ್ದು, ಸೀಟು ಬಿಚ್ಚಿದ ಮೇಲೆ ಮುಂದೆ ಕೂತಿರುವ ನಿಮ್ಮಿಬ್ಬರ ಬೆನ್ನಿಗೆ ಯಾವ ರಕ್ಷಣೆ ಉಳಿಯುತ್ತದೆ ಎಂಬ ಪ್ರಶ್ನೆ.

ಹಿಂದಿನ ಸೀಟು ಜನ ಕೂರುವುದಕ್ಕಷ್ಟೇ ಇರುವ ವಸ್ತುವಲ್ಲ. ಡಿಕ್ಕಿಯಲ್ಲಿರುವ ಸಾಮಾನು ಅಪಘಾತದಲ್ಲಿ ಮುಂದಕ್ಕೆ ನುಗ್ಗದಂತೆ ತಡೆಯುವ ಗೋಡೆಯೂ ಅದೇ. ಸೀಟುಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 17ನೆಯ ವಾಹನ ನಿಯಮದಲ್ಲಿ ಇದಕ್ಕೆಂದೇ ಒಂದು ಪರೀಕ್ಷೆ ಇದೆ. ಸೀಟಿನ ಬೆನ್ನಿನ ಹಿಂದೆ ತಲಾ 18 ಕಿಲೊ ತೂಕದ ಎರಡು ಘನಾಕಾರದ ದಿಮ್ಮಿಗಳನ್ನಿಟ್ಟು, ಗಂಟೆಗೆ ಸುಮಾರು 50 ಕಿ.ಮೀ. ವೇಗದ ಅಪಘಾತಕ್ಕೆ ಸಮನಾದ ಆಘಾತ ಕೊಟ್ಟು, ಸೀಟಿನ ಬೆನ್ನೂ ಅದರ ಕೊಂಡಿಗಳೂ ತಡೆದು ನಿಲ್ಲುತ್ತವೆಯೇ ಎಂದು ನೋಡುತ್ತಾರೆ. ನಿಮ್ಮ ಊರಿನ ವೇತಾಳ ಗುಡ್ಡದ ಮೇಲಿರುವ ಎಆರ್‌ಎಐಯಂಥ ವಾಹನ ಸಂಶೋಧನಾ ಸಂಸ್ಥೆಗಳಲ್ಲಿ ಕಾರುಗಳ ಭಾಗಗಳು ಪರೀಕ್ಷೆಗೊಳಗಾಗುವುದು ಇಂಥ ಕಾರಣಗಳಿಗಾಗಿಯೇ. ಬಡಗಿಯವರು ಮಾಡಿಕೊಡುವ ಅಟ್ಟಣಿಗೆಗೆ ಆ ಪರೀಕ್ಷೆ ನಡೆದಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಅಟ್ಟಣಿಗೆಯೇ ಮುಂದಕ್ಕೆ ನುಗ್ಗಬಲ್ಲ ಒಂದು ಹೊಸ ಭಾರವಾಗುತ್ತದೆ.

ಲೆಕ್ಕ ಸರಳವಾಗಿದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಯಾವುದಕ್ಕಾದರೂ ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ, ಒಳಗಿರುವ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆ. 20 ಕಿಲೊ ರೊಟ್ಟಿಯ ಡಬ್ಬ ಆ ಗಳಿಗೆಯಲ್ಲಿ 400 ಕಿಲೊ ಆಗುತ್ತದೆ, 40 ಕಿಲೊದ ಅಟ್ಟಣಿಗೆ 800 ಕಿಲೊ ಆಗುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ತಳ್ಳುವ ಬಲವಾದರೋ ವಸ್ತುವಿನ ತೂಕವನ್ನು ದಾಟುವುದೇ ಅಪರೂಪ. ಆದ್ದರಿಂದ ವರ್ಷಗಟ್ಟಲೆ ಎಷ್ಟೇ ಬ್ರೇಕ್ ಹಾಕಿದರೂ ಅಲುಗಾಡದ ಅಟ್ಟಣಿಗೆ ಅಪಘಾತದಲ್ಲಿಯೂ ಅಲುಗಾಡದು ಎಂಬ ನಂಬಿಕೆಗೆ ಆಧಾರವಿಲ್ಲ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರಿನಲ್ಲಿ ಮುಂದಿನ ವಾಹನಗಳು ಹೇಗೆ ಏಕಾಏಕಿ ನಿಲ್ಲುತ್ತವೆ, ಹಿಂದಿನಿಂದ ಭಾರದ ಲಾರಿಗಳು ಹೇಗೆ ಬರುತ್ತವೆ ಎಂಬುದು ಪುಣೆಯವರಾದ ನಿಮಗೆ ಗೊತ್ತಿದೆ.

ತೂಕದ ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. ಸೀಟು ಹೋದರೆ ಕಾರು ಹಗುರಾಗುತ್ತದೆ ಎಂದು ಅನೇಕರು ಎಣಿಸುತ್ತಾರೆ. ಸಣ್ಣ ಕಾರಿನ ಹಿಂದಿನ ಸೀಟು ಬೆನ್ನು ಸೇರಿ ಸಾಮಾನ್ಯವಾಗಿ 25ರಿಂದ 35 ಕಿಲೊ ಇರುತ್ತದೆ. ಎಂಟಡಿ-ನಾಲ್ಕಡಿ ಅಳತೆಯ 18 ಮಿ.ಮೀ. ಪ್ಲೈವುಡ್ ಹಾಳೆಯೊಂದೇ ಸುಮಾರು 35 ಕಿಲೊ ತೂಗುತ್ತದೆ. ಮೇಲ್ಹಾಸಿಗೆ ಅರ್ಧ ಹಾಳೆ ಸಾಕಾಗಬಹುದು. ಆದರೆ ಕಾಲುಗಳು, ಡ್ರಾಯರಿನ ಪೆಟ್ಟಿಗೆ, ಅದರ ಉಕ್ಕಿನ ಚಾನೆಲ್, ಕಬ್ಬಿಣದ ಕೋನಪಟ್ಟಿ ಎಲ್ಲ ಸೇರುವಾಗ ತೆಗೆದ ಸೀಟಿಗಿಂತ ಹೆಚ್ಚು ಭಾರವನ್ನೇ ಒಳಗೆ ಇಟ್ಟಂತಾಗುತ್ತದೆ.

ಇನ್ನು ನೆಲಕ್ಕೆ ರಂಧ್ರ ಕೊರೆಯುವ ವಿಚಾರ. ಬಹುತೇಕ ಸಣ್ಣ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದಿನ ಸೀಟಿನ ನೇರ ಕೆಳಗೆ. ಪೆಟ್ರೋಲ್ ಪಂಪನ್ನು ತೆಗೆಯುವ ಮುಚ್ಚಳವೂ ಸೀಟಿನ ದಿಂಬಿನ ಅಡಿಯಲ್ಲೇ ಇರುತ್ತದೆ. ಬ್ರೇಕಿನ ಕೊಳವೆ, ಇಂಧನದ ಕೊಳವೆ, ವೈರುಗಳ ಕಟ್ಟು ಆಸುಪಾಸಿನಲ್ಲೇ ಸಾಗುತ್ತವೆ. ನಿಮ್ಮದರಲ್ಲಿ ಸಿಎನ್‌ಜಿಯ ಅಧಿಕ ಒತ್ತಡದ ಕೊಳವೆಯೂ ಇದೆ. ಕಾರಿನ ತಳ ಮೇಲಿನಿಂದ ತಗಡಿನಂತೆ ಕಂಡರೂ ಅದರ ಕೆಳಗೆ ಏನಿದೆ ಎಂದು ನೋಡದೆ ಡ್ರಿಲ್ ಇಳಿಸುವುದು ಅತ್ಯಂತ ಅಪಾಯಕಾರಿ. ಬೋಲ್ಟ್ ಹಾಕಲು ತಯಾರಾದ ರಂಧ್ರಗಳು ಬೇಕೆಂದು ಕೆಲವರು ಸೀಟ್ ಬೆಲ್ಟಿನ ಬೋಲ್ಟ್ ಬಿಚ್ಚಿ ಆ ಜಾಗವನ್ನು ಬಳಸುತ್ತಾರೆ. ಅದೂ ಬೇಡ. ಸೀಟ್ ಬೆಲ್ಟಿನ ಬೋಲ್ಟ್ ಸಾಮಾನ್ಯವಾಗಿ 7/16 ಅಂಗುಲದ, ಸಣ್ಣ ಮರೆಯ (ಥ್ರೆಡ್ಡಿನ) ವಿಶೇಷ ಬೋಲ್ಟ್. ಹಾರ್ಡ್‌ವೇರ್ ಅಂಗಡಿಯ ಮೆಟ್ರಿಕ್ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಮರೆ ಕಿತ್ತುಹೋಗಿ, ಮುಂದೆ ಬೆಲ್ಟನ್ನೇ ಭದ್ರವಾಗಿ ಕೂರಿಸಲಾಗದು.

ಈಗ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ನಿಮ್ಮ ಆರ್‌ಸಿಯಲ್ಲಿ ಸೀಟುಗಳ ಸಂಖ್ಯೆ, ಖಾಲಿ ವಾಹನದ ತೂಕ, ಬಾಡಿಯ ಬಗೆ ನಮೂದಾಗಿವೆ. ಸೀಟನ್ನು ಕಾಯಮ್ಮಾಗಿ ತೆಗೆದು ಅಟ್ಟಣಿಗೆ ಬಿಗಿದರೆ ಈ ವಿವರಗಳಿಗೂ ವಾಹನಕ್ಕೂ ಹೊಂದಾಣಿಕೆ ಇರುವುದಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ನೀಡಿದ ತೀರ್ಪು ಈ ಕಲಮನ್ನು ಬಿಗಿಯಾಗಿಯೇ ಓದಿದೆ. ಅದೇ ವರ್ಷದ ತಿದ್ದುಪಡಿಯು 182ಎ ಕಲಮನ್ನು ಸೇರಿಸಿ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿತು. ರಸ್ತೆಯಲ್ಲಿ ಪೊಲೀಸರು ನಿಲ್ಲಿಸುವುದಿಲ್ಲ ಎಂಬುದು ಇದಕ್ಕೆ ಉತ್ತರವಲ್ಲ. ಈ ಪ್ರಶ್ನೆ ಏಳುವುದು ಸಾಮಾನ್ಯವಾಗಿ ಅಪಘಾತವಾದ ಮರುದಿನ, ವಿಮೆಯ ಸರ್ವೇಯರ್ ಬಂದಾಗ.

ವಿಮೆಯ ವಿಷಯದಲ್ಲಿ ನಿಮ್ಮ ಸ್ಥಿತಿ ಅಟ್ಟಣಿಗೆ ಇಲ್ಲದೆಯೇ ನಾಜೂಕಾಗಿದೆ. ಇದನ್ನು ನೀವು ಕೇಳಿಲ್ಲವಾದರೂ ಹೇಳಬೇಕಾಗಿದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿಗಳು ಎಂಬ ಭಾಗವನ್ನು ತೆರೆದು ಓದಿ. ಬಾಡಿಗೆಗೆ ಬಳಸುವುದನ್ನೂ, ಮಾದರಿಗಳು (ಸ್ಯಾಂಪಲ್) ಮತ್ತು ಸ್ವಂತ ಲಗೇಜನ್ನು ಬಿಟ್ಟು ಬೇರೆ ಸರಕು ಸಾಗಿಸುವುದನ್ನೂ ಅದು ಹೊರಗಿಟ್ಟಿರುತ್ತದೆ. ಮಾರಾಟದ ರೊಟ್ಟಿಯನ್ನು ಅಂಗಡಿಗೆ ನಿಯಮಿತವಾಗಿ ಒಯ್ಯುವುದು ಸ್ವಂತ ಲಗೇಜು ಎಂದು ವಾದಿಸುವುದು ಕಷ್ಟ. ಕಾಯ್ದೆಯ ವ್ಯಾಖ್ಯೆಯೂ ಅದೇ ದಿಕ್ಕಿನಲ್ಲಿದೆ: ಸರಕಿಗೆಂದು ಕಟ್ಟದ ವಾಹನವೂ ಸರಕು ಸಾಗಣೆಗೆ ಬಳಕೆಯಾದಾಗ ಸರಕು ವಾಹನವೆನಿಸುತ್ತದೆ.

ಹಾಗಾದರೆ ಏನು ಮಾಡಬೇಕು? ಇಂದಿನಿಂದಲೇ ಮಾಡಬಹುದಾದದ್ದು, ಹಿಂದಿನ ಸೀಟಿನ ಬೆನ್ನನ್ನು ನೆಟ್ಟಗೆ ನಿಲ್ಲಿಸಿಯೇ ಇಟ್ಟು ಸಾಮಾನನ್ನು ಬೇರೆ ಕ್ರಮದಲ್ಲಿ ಜೋಡಿಸುವುದು. ಮುಂದಿನ ಸೀಟುಗಳ ಹಿಂದೆ, ಹಿಂದಿನವರು ಕಾಲಿಡುವ ತಗ್ಗಿದೆಯಲ್ಲ, ಇಡೀ ಕಾರಿನಲ್ಲಿ ಭಾರ ಇಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅದು ಎಲ್ಲಕ್ಕಿಂತ ಕೆಳಗಿದೆ, ಎರಡು ಚಕ್ರಸಾಲುಗಳ ನಡುವೆ ಇದೆ, ಮುಂದಕ್ಕೆ ಸರಿಯಲು ಎಡೆಯಿಲ್ಲ. ಶೇಂಗಾ ಹಿಂಡಿಯ ಡಬ್ಬಗಳು, ಮಾದಲಿಯ ಪಾತ್ರೆಗಳು ಅಲ್ಲಿಗೆ ಹೋಗಲಿ. ಕಡಕ್ ರೊಟ್ಟಿ ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹಗುರ. ಅದರ ಕ್ರೇಟುಗಳನ್ನು ಸೀಟಿನ ಮೇಲಿಟ್ಟು, ಹಿಂದಿನ ಬೆಲ್ಟುಗಳನ್ನೇ ಅವುಗಳ ಮೇಲೆ ಹಾಯಿಸಿ ಸಿಕ್ಕಿಸಿ. ತಗ್ಗಿನ ಮೇಲೆ ಸೀಟಿನ ಮಟ್ಟಕ್ಕೆ ಬರುವಂಥ ಒಂದು ಹಗುರ ಹಲಗೆಯನ್ನು, ನೆಲಕ್ಕೆ ಬಿಗಿಯದೆ ಕಾಲುಗಳ ಮೇಲೆ ನಿಲ್ಲುವಂತೆ, ಬಡಗಿಯವರಿಂದ ಮಾಡಿಸಿಕೊಳ್ಳಬಹುದು. 12 ಮಿ.ಮೀ. ದಪ್ಪ ಸಾಕು. ಮಳೆಗಾಲದಲ್ಲಿ ಒದ್ದೆ ಛತ್ರಿ, ಒದ್ದೆ ಕ್ರೇಟು ಒಳಗೆ ಬಂದೇ ಬರುವುದರಿಂದ ಐಎಸ್ 710 ಗುರುತಿರುವ ಮರೀನ್ ಪ್ಲೈ ತೆಗೆದುಕೊಂಡು, ಕತ್ತರಿಸಿದ ಅಂಚುಗಳಿಗೆ ತಪ್ಪದೆ ವಾರ್ನಿಶ್ ಬಳಿಸಿ. ನೀರು ಕುಡಿಯುವುದು ಅಂಚಿನಿಂದಲೇ. ಬೇಡವಾದಾಗ ಹೊರಗೆತ್ತಿ ಇಡಬಹುದಾದ ಇಂಥ ಹಲಗೆ ಲಗೇಜಿನ ಸಾಲಿಗೆ ಸೇರುತ್ತದೆಯೇ ಹೊರತು ಆರ್‌ಸಿಯ ಯಾವ ವಿವರವನ್ನೂ ಬದಲಿಸುವುದಿಲ್ಲ. ಆದರೂ ಅದನ್ನು ಸಡಿಲವಾಗಿ ಬಿಡದೆ, ಭಾರ ಸಾಮರ್ಥ್ಯ ಮುದ್ರಿತವಾಗಿರುವ, ಹಿಡಿಕೆಯಿಂದ ಬಿಗಿಯುವ ರ್‍ಯಾಚೆಟ್ ಪಟ್ಟಿಯಿಂದ ಕಟ್ಟಿರಬೇಕು.

ಆ ಪಟ್ಟಿಯನ್ನು ಮಗುವಿನ ಸೀಟಿಗೆಂದು ಕೊಟ್ಟಿರುವ ಐಸೊಫಿಕ್ಸ್ ಕೊಂಡಿಗೆ ಕಟ್ಟಬೇಡಿ. ಭಾರ ಎಳೆದು ಅದು ಒಮ್ಮೆ ಬಾಗಿದರೆ ಕಣ್ಣಿಗೆ ಬೀಳುವುದಿಲ್ಲ. ಮುಂದೆ ಯಾರದೋ ಮಗುವನ್ನು ಅದೇ ಕೊಂಡಿಯ ಭರವಸೆಯ ಮೇಲೆ ಕೂರಿಸುತ್ತೀರಿ.

ಸಿಎನ್‌ಜಿ ಸಿಲಿಂಡರಿನ ಮೇಲೆ, ಅದನ್ನು ಹಿಡಿದಿರುವ ಚೌಕಟ್ಟಿನ ಮೇಲೆ ಏನನ್ನೂ ಊರಬೇಡಿ. ಸಿಲಿಂಡರಿನ ಮೇಲಿರುವ ಕವಾಟಕ್ಕೆ ಯಾವಾಗಲೂ ಕೈ ನಿಲುಕಬೇಕು, ಪರೀಕ್ಷೆಯ ದಿನಾಂಕ ಕೆತ್ತಿರುವ ಫಲಕ ಕಣ್ಣಿಗೆ ಕಾಣಬೇಕು. ಅಡುಗೆ ಅನಿಲದ ಸಿಲಿಂಡರನ್ನು ಆಗೊಮ್ಮೆ ಈಗೊಮ್ಮೆ ಇದೇ ಕಾರಿನಲ್ಲಿ ಒಯ್ಯುವ ಪ್ರಸಂಗ ನಿಮಗಿದ್ದರೆ ಅದನ್ನು ನಿಲ್ಲಿಸಿ. ಸಿಎನ್‌ಜಿ ಗಾಳಿಗಿಂತ ಹಗುರಾದ್ದರಿಂದ ಸೋರಿದರೆ ಮೇಲೇರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಕೆಳಗೆ ಇಳಿದು, ಡ್ರಾಯರಿನಂಥ ಮುಚ್ಚಿದ ಜಾಗದಲ್ಲಿ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ.

ಎಷ್ಟು ಭಾರ ಎಂದು ಕೇಳಿದ್ದೀರಿ. ಕಾರಿನ ಕೈಪಿಡಿಯಲ್ಲಿರುವ ಒಟ್ಟು ತೂಕದ ಮಿತಿಯಿಂದ ಖಾಲಿ ಕಾರಿನ ತೂಕವನ್ನು ಕಳೆಯಿರಿ. ಉಳಿದದ್ದರಲ್ಲಿ ನಿಮ್ಮಿಬ್ಬರ ತೂಕ, ಹಲಗೆಯ ತೂಕ ಕಳೆದ ಮೇಲೆ ಸಿಗುವುದೇ ಸರಕಿನ ಗರಿಷ್ಠ ಮಿತಿ. ಸಿಎನ್‌ಜಿ ಮಾದರಿಯ ಖಾಲಿ ತೂಕ ಪೆಟ್ರೋಲ್ ಮಾದರಿಗಿಂತ ಹೆಚ್ಚಿರುತ್ತದೆ, ಹಾಗಾಗಿ ನಿಮ್ಮದೇ ಮಾದರಿಯ ಅಂಕಿಯನ್ನು ನೋಡಿ. ಸರಕಿನ ಎತ್ತರ ಯಾವ ಕಾರಣಕ್ಕೂ ಸೀಟಿನ ಬೆನ್ನನ್ನು ಮೀರದಿರಲಿ. ಮೀರಿದ ಡಬ್ಬ ಒಳಗಿನ ಕನ್ನಡಿಯ ನೋಟವನ್ನೂ ಕಸಿಯುತ್ತದೆ, ಬ್ರೇಕ್ ಒತ್ತಿದಾಗ ತಲೆಯ ಮಟ್ಟದಲ್ಲಿ ಹಾರುತ್ತದೆ.

ನಿಮ್ಮ ವ್ಯಾಪಾರ ಬೆಳೆಯುತ್ತಿದೆ ಎಂದು ಪತ್ರದ ಧಾಟಿಯಿಂದಲೇ ತಿಳಿಯುತ್ತದೆ. ಅದು ನನಗೆ ನಿಜಕ್ಕೂ ಸಂತೋಷ ಕೊಟ್ಟಿದೆ. ಹಾಗೆ ಬೆಳೆಯುತ್ತಿದ್ದರೆ ಅಟ್ಟಣಿಗೆಗೆ ಹಾಕುವ ಹಣವನ್ನು ಉಳಿಸಿಕೊಂಡು, ಕಾರ್ಖಾನೆಯಿಂದಲೇ ಹಿಂದಿನ ಸೀಟಿಲ್ಲದೆ ಬರುವ ಮಾರುತಿ ಈಕೋ ಕಾರ್ಗೊದಂಥ ಮುಚ್ಚಿದ ಸಣ್ಣ ಸರಕು ವಾಹನದತ್ತ ನೋಡಿ. ಹಳದಿ ಫಲಕದ ವಾಹನವೆಂದರೆ ಪರ್ಮಿಟ್ಟಿನ ತೊಡಕು ಎಂದು ಹಲವರು ಹೆದರುತ್ತಾರೆ. ಒಟ್ಟು ತೂಕ 3,000 ಕಿಲೊ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡವೆಂದು ಕಾಯ್ದೆಯ 66ನೇ ಕಲಮಿನಲ್ಲೇ ವಿನಾಯಿತಿ ಇದೆ. ಚಾಲನಾ ಪರವಾನಗಿಯ ಬಗ್ಗೆಯೂ ಚಿಂತೆ ಬೇಡ. ಲಘು ವಾಹನದ ಪರವಾನಗಿ ಉಳ್ಳವರು 7,500 ಕಿಲೊವರೆಗಿನ ಸಾಗಣೆ ವಾಹನವನ್ನು ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಉಳಿಯುವುದು ಫಿಟ್‌ನೆಸ್ ಪ್ರಮಾಣಪತ್ರ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಬದಲಿಗೆ ನಿಮ್ಮ ಸರಕಿಗೆ ಒಪ್ಪುವ ವಿಮೆ ಸಿಗುತ್ತದೆ, ಮನೆಯವರ ಕಾರು ಮನೆಯವರಿಗೇ ಉಳಿಯುತ್ತದೆ.

ಪ್ರಶ್ನೆ: ನಮ್ಮದು ಹವ್ಯಾಸಿ ಯಕ್ಷಗಾನ ತಂಡ. ಗಣೇಶೋತ್ಸವ, ನವರಾತ್ರಿಯ ದಿನಗಳಲ್ಲಿ ಮುಲುಂಡ್, ಠಾಣೆ, ನವಿ ಮುಂಬೈ ಎಂದು ಓಡಾಟ ಇರುತ್ತದೆ. ಚೆಂಡೆ, ಮದ್ದಳೆ, ವೇಷಭೂಷಣದ ಟ್ರಂಕುಗಳನ್ನು ನನ್ನ ಏಳು ಸೀಟಿನ ಕಾರಿನಲ್ಲಿ ಒಯ್ಯುತ್ತೇವೆ. ಮಧ್ಯದ ಸಾಲಿನಲ್ಲಿ ಕಲಾವಿದರು ಕೂರುತ್ತಾರೆ. ಮೂರನೆಯ ಸಾಲನ್ನು ತೆಗೆದು ಹಲಗೆ ಹಾಕಿಸಿದರೆ ಕಿರೀಟದ ಪೆಟ್ಟಿಗೆಗಳು ನಲುಗದೆ ಬರುತ್ತವೆ ಎನಿಸುತ್ತದೆ.
– ಓದುಗರೊಬ್ಬರು, ಡೊಂಬಿವಿಲಿ

ಉತ್ತರ: ಮೂರನೆಯ ಸಾಲು ಮಡಚುವಂಥದ್ದಾದರೆ ಮಡಚಿಯೇ ಬಳಸಿ, ಬಿಚ್ಚುವ ಅಗತ್ಯವಿಲ್ಲ. ಮಡಚಿದ ಸೀಟಿನ ಬೆನ್ನು ಸಮತಟ್ಟಾಗಿಲ್ಲದಿದ್ದರೆ ಅದರ ಮೇಲೆ ಹಗುರ ಹಲಗೆ ಹಾಸಿ, ಹಲಗೆಯ ಅಡಿಗೆ ದಪ್ಪ ರಬ್ಬರ್ ಹಾಳೆ ಅಂಟಿಸಿ. ಜಾರುವುದೂ ತಪ್ಪುತ್ತದೆ, ಕಿರುಗುಟ್ಟುವುದೂ ತಪ್ಪುತ್ತದೆ.

ನಿಮ್ಮಲ್ಲಿ ಗಮನ ಕೊಡಬೇಕಾದದ್ದು ಮಧ್ಯದ ಸಾಲಿನಲ್ಲಿ ಕೂತವರ ಬೆನ್ನಿಗೆ. ಆಭರಣ, ಗೆಜ್ಜೆ, ಬಟ್ಟೆ ತುಂಬಿದ ಟ್ರಂಕು ತಂಡದ ಸಾಮಾನಿನಲ್ಲೇ ಹೆಚ್ಚು ಭಾರದ್ದು. ಅದನ್ನು ಕೆಳಗೆ, ಮಧ್ಯದ ಸೀಟಿನ ಬೆನ್ನಿಗೆ ಒತ್ತಿ ಇಡಿ. ನಡುವೆ ಒಂದು ಗೇಣು ಎಡೆ ಬಿಟ್ಟರೂ ಅಪಘಾತದಲ್ಲಿ ಟ್ರಂಕು ಆ ಎಡೆಯಲ್ಲಿ ವೇಗ ಪಡೆದುಕೊಂಡು ಗುದ್ದುತ್ತದೆ, ಒತ್ತಿ ಇಟ್ಟದ್ದು ಸೀಟಿನೊಡನೆ ಒಂದಾಗಿ ನಿಲ್ಲುತ್ತದೆ. ಚೆಂಡೆಯನ್ನು ಟ್ರಂಕಿನ ಹಿಂದೆ ಮಲಗಿಸಿ, ಚರ್ಮಕ್ಕೆ ಏನೂ ತಾಗದಂತೆ ಸುತ್ತ ಪಗಡಿ ಬಟ್ಟೆ, ಪಂಚೆಯ ಗಂಟುಗಳನ್ನು ತುಂಬಿ. ಮದ್ದಳೆಯನ್ನು ಮಾತ್ರ ಬಿಸಿಲು ಬೀಳುವ ಗಾಜಿನ ಕೆಳಗೆ ಇಡಬೇಡಿ. ಕಾರು ನಿಲ್ಲಿಸಿದಾಗ ಒಳಗೆ ಏರುವ ಸೆಕೆಗೆ ಚರ್ಮದ ಬಿಗಿ ಬದಲಾಗಿ ಶ್ರುತಿ ಕೆಡುತ್ತದೆ. ಕಿರೀಟದ ಪೆಟ್ಟಿಗೆಗಳು ಹಗುರವಾದ್ದರಿಂದ ಮೇಲಿರಬಹುದು, ಆದರೆ ಅವುಗಳ ಮೇಲೆ ಸರಕಿನ ಬಲೆಯೊಂದನ್ನು ಎಳೆದು ಬಿಗಿಯಲೇಬೇಕು. ಮಧ್ಯದ ಸಾಲಿನಲ್ಲಿ ಯಾರೂ ಕೂರದ ಪಯಣವಾದರೆ ಅಲ್ಲಿನ ಬೆಲ್ಟುಗಳನ್ನು ಅಡ್ಡಡ್ಡ ಹಾಯಿಸಿ, ಎಡದ್ದನ್ನು ಬಲದ ಕೊಂಡಿಗೆ, ಬಲದ್ದನ್ನು ಎಡದ ಕೊಂಡಿಗೆ ಸಿಕ್ಕಿಸಿ. ಸೀಟಿನ ಬೆನ್ನಿಗೆ ಅದರಿಂದ ಹೆಚ್ಚಿನ ಆಸರೆ ಸಿಗುತ್ತದೆ.

ತಂಡದ ಸ್ವಂತ ವೇಷ ಸಾಮಗ್ರಿಯನ್ನು ಬಾಡಿಗೆ ಪಡೆಯದೆ ಒಯ್ಯುವುದು ಮಾರಾಟದ ಸರಕಿನಂತಲ್ಲ. ಆದರೂ ಸಾಮಗ್ರಿ ತಂಡದ ಹೆಸರಿನಲ್ಲಿ, ಕಾರು ನಿಮ್ಮ ಹೆಸರಿನಲ್ಲಿ ಇರುವುದರಿಂದ, ವಿಮಾ ಕಂಪನಿಗೆ ಒಂದು ಪತ್ರ ಬರೆದು ಲಿಖಿತ ಉತ್ತರವನ್ನು ತರಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಏಜೆಂಟರ ಬಾಯಿಮಾತು ಸಾಲದು.

ಪ್ರಶ್ನೆ: ಹಳೆಯ ಕಾರೊಂದನ್ನು ಕೊಂಡೆ. ಹಿಂದಿನ ಮಾಲೀಕರು ಹಿಂದಿನ ಸೀಟು ತೆಗೆಸಿ, ಕಬ್ಬಿಣದ ಚೌಕಟ್ಟನ್ನು ನೆಲಕ್ಕೆ ವೆಲ್ಡ್ ಮಾಡಿಸಿ, ಮೇಲೆ ಹಲಗೆ ಹಾಕಿಸಿದ್ದಾರೆ. ಮೀನಿನ ಪೆಟ್ಟಿಗೆ ಸಾಗಿಸುತ್ತಿದ್ದರಂತೆ. ನಾನು ಚೋರ್ಲಾ ಘಾಟಿನ ಮೇಲೆ ಬೆಳಗಾವಿಗೆ ಹೋಗಿ ಬರುವವನು, ಊರಿನಿಂದ ಅಕ್ಕಿ, ಜೋಳದ ಚೀಲ ತರುತ್ತೇನೆ. ಇದನ್ನು ಹಾಗೇ ಬಳಸಬಹುದೇ?
– ಓದುಗರೊಬ್ಬರು, ಫೋಂಡಾ, ಗೋವಾ

ಉತ್ತರ: ಬೇಡ. ಮಾರ್ಪಾಡು ಮಾಡಿದವರು ಬೇರೆಯವರಾದರೂ ಈಗ ಆರ್‌ಸಿ ನಿಮ್ಮ ಹೆಸರಿನಲ್ಲಿದೆ, ಅದರಲ್ಲಿ ಐದು ಸೀಟು ಎಂದೇ ಬರೆದಿದೆ. 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಗಾಡಿಯನ್ನು ಒಯ್ದ ದಿನ ಈ ವಿಷಯ ಹೊರಬೀಳುತ್ತದೆ.

ನನಗೆ ಅದಕ್ಕಿಂತ ಹೆಚ್ಚು ಆತಂಕ ತಂದದ್ದು ಮೀನಿನ ಪೆಟ್ಟಿಗೆ ಎಂಬ ಮಾತು. ಕರಗಿದ ಮಂಜುಗಡ್ಡೆಯ ಉಪ್ಪುನೀರು ಕಾರ್ಪೆಟ್ಟಿನ ಅಡಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ವೆಲ್ಡ್ ಮಾಡಿದ ಕಡೆ ಕಾರ್ಖಾನೆಯಲ್ಲಿ ಹಾಕಿದ ತುಕ್ಕುನಿರೋಧಕ ಲೇಪ ಮೇಲೂ ಕೆಳಗೂ ಸುಟ್ಟುಹೋಗಿರುತ್ತದೆ. ಕರಾವಳಿಯ ಗಾಳಿ, ಉಪ್ಪುನೀರು, ಲೇಪವಿಲ್ಲದ ತಗಡು ಮೂರೂ ಸೇರಿದರೆ ನೆಲ ಒಳಗಿನಿಂದಲೇ ಸವೆಯುತ್ತದೆ. ಆದ್ದರಿಂದ ಮೊದಲು ಹಲಗೆ, ಕಾರ್ಪೆಟ್ ಪೂರ್ತಿ ತೆಗೆಸಿ. ಗಾಡಿಯನ್ನು ಲಿಫ್ಟಿನ ಮೇಲೇರಿಸಿ ಕೆಳಗಿನಿಂದಲೂ ನೋಡಿಸಿ. ಚೂಪಾದ ಸ್ಕ್ರೂಡ್ರೈವರಿನಿಂದ ಒತ್ತಿದಾಗ ತಗಡು ಒಳಗೆ ಹೋದರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡು ಹಾಕಿಸಬೇಕು, ಮೇಲೆ ಪುಟ್ಟಿ ಬಳಿದು ಮುಚ್ಚುವುದು ಸಲ್ಲದು. ವೈರುಗಳ ಜೋಡಣೆಗಳಲ್ಲಿ, ಕಾರಿನ ಬಾಡಿಯಲ್ಲಿರುವ ಅರ್ಥಿಂಗ್ ಬಿಂದುಗಳಲ್ಲಿ ಹಸಿರು ಕಿಲುಬು ಕಟ್ಟಿದೆಯೇ ನೋಡಿಸಿ. ಹಿಂದಿನ ದೀಪಗಳು, ಪೆಟ್ರೋಲ್ ಪಂಪು ಆಗಾಗ ಕೈಕೊಡುವುದಕ್ಕೆ ಅದೂ ಕಾರಣವಿರಬಹುದು.

ಚೌಕಟ್ಟನ್ನು ತೆಗೆಯುವಾಗ ಗ್ರೈಂಡರಿನ ಕಿಡಿ ಹಾರುತ್ತದೆ, ಕೆಳಗೆ ಪೆಟ್ರೋಲ್ ಟ್ಯಾಂಕ್ ಇದೆ. ಟ್ಯಾಂಕನ್ನು ಇಳಿಸದೆ ಕೆಲಸ ಆರಂಭಿಸಲು ಯಾರಿಗೂ ಒಪ್ಪಿಗೆ ಕೊಡಬೇಡಿ. ಕೆಲಸಗಾರರು ಇದೇನು ದೊಡ್ಡದು ಎಂದರೂ ನೀವು ಪಟ್ಟು ಬಿಡಬಾರದು. ನಂತರ ಸತುವಿನ ಪ್ರೈಮರ್, ಬಣ್ಣ, ಕೆಳಗಿನಿಂದ ಅಂಡರ್‌ಕೋಟಿಂಗ್. ಅದೇ ಮಾದರಿಯ ಬಳಸಿದ ಸೀಟು ಗುಜರಿ ಮಾರುಕಟ್ಟೆಯಲ್ಲಿ ಸಿಗುತ್ತದೆ. ಬೆಲ್ಟುಗಳನ್ನು ಮಾತ್ರ ಹಳೆಯವನ್ನು ಕೊಳ್ಳಬೇಡಿ. ಅಪಘಾತದಲ್ಲಿ ಒಮ್ಮೆ ಎಳೆತ ತಿಂದ ಬೆಲ್ಟು ನೋಡಲು ಚೆನ್ನಾಗಿದ್ದರೂ ಮತ್ತೆ ನಂಬಲು ಯೋಗ್ಯವಲ್ಲ. ಹೊಸ ಬೆಲ್ಟು, ಕಂಪನಿಯ ಬೋಲ್ಟು, ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿಯುವುದು, ಇಷ್ಟನ್ನು ಕೇಳಿ ಮಾಡಿಸಿ.

ಅಕ್ಕಿ, ಜೋಳದ ಚೀಲಗಳನ್ನು ಸೀಟು ಬಂದ ಮೇಲೂ ತರಬಹುದು. ಚೀಲ ಹೆಚ್ಚಾದಾಗ ಹಿಂದಿನ ಚಕ್ರಗಳ ಹಿಂಬದಿಗೆ ಪೇರಿಸಬೇಡಿ. ನಿಮ್ಮ ಕಾರಿನಲ್ಲಿ ಎಳೆತ ಇರುವುದು ಮುಂದಿನ ಚಕ್ರಗಳಿಗೆ. ಭಾರ ಹಿಂದಕ್ಕೆ ಬಿದ್ದಷ್ಟೂ ಮುಂದಿನ ಚಕ್ರಗಳು ಹಗುರಾಗಿ, ಘಾಟ್ ಏರುವಾಗ ಒದ್ದೆ ತಿರುವಿನಲ್ಲಿ ಅವು ಹಿಡಿತ ಬಿಟ್ಟು ತಿರುಗುತ್ತವೆ, ಸ್ಟಿಯರಿಂಗ್ ಹಗುರಾದಂತೆ ಕೈಗೆ ತಿಳಿಯುತ್ತದೆ. ಮಳೆಗಾಲದ ಚೋರ್ಲಾದಲ್ಲಿ ಇದು ಸಣ್ಣ ಮಾತಲ್ಲ. ಇಳಿಯುವಾಗ ಎರಡನೆಯ ಗೇರಿನಲ್ಲೇ ಇಳಿಯಿರಿ, ಬ್ರೇಕನ್ನು ಒತ್ತಿಯೇ ಹಿಡಿಯದೆ ಬಿಟ್ಟು ಬಿಟ್ಟು ಒತ್ತಿ.

ಪ್ರಶ್ನೆ: ಸೀಟು ತೆಗೆದ ಜಾಗದಲ್ಲಿ ಹಲಗೆಯ ಮೇಲೆ ಸಹಾಯಕ ಹುಡುಗನೊಬ್ಬ ಕೂತು ಬಂದರೆ ಆದೀತೇ? ಹತ್ತಿರದ ದಾರಿಯಷ್ಟೇ.
– ಓದುಗರೊಬ್ಬರು, ಠಾಣೆ

ಉತ್ತರ: ಖಂಡಿತ ಕೂಡದು. ಬೆಲ್ಟ್ ಇಲ್ಲದ ಜಾಗದಲ್ಲಿ ಮನುಷ್ಯರನ್ನು ಕೂರಿಸಿದರೆ 1,000 ರೂಪಾಯಿ ದಂಡ ಎಂಬುದು ಇಲ್ಲಿ ಚಿಕ್ಕ ಸಂಗತಿ. ಸರಕಿನ ಬಗ್ಗೆ ಮೇಲೆ ಹೇಳಿದ 20 ಪಟ್ಟಿನ ಲೆಕ್ಕ ಆ ಹುಡುಗನ ದೇಹಕ್ಕೂ ಅನ್ವಯಿಸುತ್ತದೆ, ಮತ್ತು ಅವನ ಹಿಂದಿರುವ ಪೆಟ್ಟಿಗೆಗಳು ಅವನ ಮೇಲೆಯೇ ಬರುತ್ತವೆ. ಕೆಲಸ ಕೊಟ್ಟವರಾಗಿ ಅವನ ಹೊಣೆ ನಿಮ್ಮದು. ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿ. ಅಲ್ಲಿ ಜಾಗವಿಲ್ಲವೆಂದರೆ ಲೋಕಲಿನಲ್ಲೋ ಬಸ್ಸಿನಲ್ಲೋ ಬರಲು ಖರ್ಚು ಕೊಟ್ಟು ಕಳಿಸಿ.

ಪ್ರಶ್ನೆ: ಹಿಂದೆ ಸಾಮಾನು ತುಂಬಿ ರಾತ್ರಿ ಹೊರಟಾಗ ಎದುರಿನವರು ಪದೇ ಪದೇ ಲೈಟ್ ಮಿನುಗಿಸಿ ಬೈದಂತೆ ಮಾಡುತ್ತಾರೆ. ನಾನು ಹೈಬೀಮ್ ಹಾಕಿರುವುದಿಲ್ಲ.
– ಓದುಗರೊಬ್ಬರು, ಹಡಪಸರ, ಪುಣೆ

ಉತ್ತರ: ಹಿಂಭಾಗ ಕುಸಿದಾಗ ಕಾರಿನ ಮೂತಿ ಮೇಲೇಳುತ್ತದೆ, ಲೋ ಬೀಮ್ ಕೂಡ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಸ್ಟಿಯರಿಂಗಿನ ಬಲಭಾಗದಲ್ಲಿ, ಸೊನ್ನೆಯಿಂದ ಆರಂಭವಾಗುವ ಅಂಕಿಗಳಿರುವ ಒಂದು ಸಣ್ಣ ಗುಂಡಿ ನಿಮ್ಮ ಕಾರಿನಲ್ಲಿದ್ದರೆ, ಅದು ದೀಪದ ಕೋನವನ್ನು ಇಳಿಸಲೆಂದೇ ಇರುವುದು. ಭಾರ ಹೆಚ್ಚಿದಂತೆ ಹೆಚ್ಚಿನ ಅಂಕಿಗೆ ತಿರುಗಿಸಿ, ಯಾವ ಭಾರಕ್ಕೆ ಯಾವ ಅಂಕಿ ಎಂಬುದು ಕೈಪಿಡಿಯಲ್ಲಿದೆ. ಚಾಲಕರ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಹಿಂದಿನ ಟೈರುಗಳ ಗಾಳಿ ಎಷ್ಟಿರಬೇಕೆಂದೂ ಬರೆದಿರುತ್ತದೆ. ಟೈರು ತಣ್ಣಗಿರುವಾಗ ಅಷ್ಟಕ್ಕೆ ತುಂಬಿಸಿ. ಇಷ್ಟರ ಮೇಲೂ ಹಿಂಭಾಗ ಕುಳಿತೇ ಇದ್ದರೆ ಸ್ಪ್ರಿಂಗು ಸೋತಿರಬೇಕು, ಇಲ್ಲವೇ ಮಿತಿ ಮೀರಿದ ಭಾರ ಹೇರಿದ್ದೀರಿ. ಖಾಲಿ ಕಾರನ್ನು ಸಮತಟ್ಟಾದ ಜಾಗದಲ್ಲಿ ಗೋಡೆಗೆ ಎದುರಾಗಿ ನಿಲ್ಲಿಸಿ ಬೆಳಕಿನ ಮೇಲಂಚಿಗೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ. ಸಾಮಾನು ತುಂಬಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ಬೆಳಕು ಆ ಗೆರೆಗೆ ಇಳಿಯುವವರೆಗೆ ಗುಂಡಿಯನ್ನು ತಿರುಗಿಸಿ.